ಐಪಿ ವಿಳಾಸದ ಲೆಕ್ಕ ಪೈಥಾನ್‌ಗೆ ಬಿಡಿ

ಹಿಂಜವಡಿ, ಖರಾಡಿ, ಮಗರಪಟ್ಟಾ, ಬಾಣೇರ್ – ಪುಣೆಯ ಯಾವ ಐಟಿ ಕಟ್ಟಡದೊಳಗೆ ಹೋದರೂ ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಎಂಜಿನಿಯರಿಂಗ್ ಮುಗಿಸಿ ನೇರವಾಗಿ ಬಂದವರುಂಟು, ಇಲ್ಲಿನ ಸಿ-ಡ್ಯಾಕ್‌ನಲ್ಲಿ ಡಿಪ್ಲೊಮಾ ಮಾಡಿ ಕೆಲಸ ಹಿಡಿದವರೂ ಉಂಟು. ಇವರಲ್ಲಿ ಸರ್ವರ್ ಸಪೋರ್ಟ್, ಕ್ಲೌಡ್, ನೆಟ್‌ವರ್ಕ್, ಸೆಕ್ಯುರಿಟಿ ತಂಡಗಳಲ್ಲಿರುವವರಿಗೆ ಐಪಿ ವಿಳಾಸವಿಲ್ಲದ ದಿನವೇ ಇಲ್ಲ. ಫೈರ್‌ವಾಲ್‌ಗೆ ಹೊಸ ರೂಲ್ ಬರೆಯಬೇಕು, ಎಕ್ಸೆಲ್ ಹಾಳೆಯ ಸಾವಿರ ವಿಳಾಸಗಳಲ್ಲಿ ನಮ್ಮವು ಯಾವುವು ಎಂದು ಹೆಕ್ಕಬೇಕು, ರಾತ್ರಿ ಪಾಳಿಯ ಲಾಗ್ ಸೋಸಬೇಕು.

ಇಂಥ ಕೆಲಸಕ್ಕೆಂದು ಬರೆದ ಸ್ಕ್ರಿಪ್ಟ್‌ಗಳು ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬರೆದವರು ವಿಳಾಸವನ್ನು ಬರೀ ಅಕ್ಷರಗಳ ಸಾಲು ಎಂದುಕೊಂಡಿರುತ್ತಾರೆ. ಚುಕ್ಕೆ ಇದ್ದಲ್ಲಿ ಕತ್ತರಿಸುತ್ತಾರೆ, ಮೊದಲ ಕೆಲವು ಅಂಕಿ ಹೊಂದಿದರೆ ಸರಿ ಎನ್ನುತ್ತಾರೆ. ಸ್ಕ್ರಿಪ್ಟ್ ಓಡುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ. ಈ ತಾಪತ್ರಯ ತಪ್ಪಿಸುವ ಒಂದು ಲೈಬ್ರರಿ ಪೈಥಾನ್‌ನ ಜೊತೆಗೇ ಬರುತ್ತದೆ. ಹೆಸರು ‘ಐಪಿಅಡ್ರೆಸ್’. ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಿಲ್ಲ, ಇಂಪೋರ್ಟ್ ಮಾಡಿದರೆ ಸಾಕು. ಅದನ್ನು ದಿನದ ಕೆಲಸದಲ್ಲಿ ಹೇಗೆ ಬಳಸುವುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಚುಕ್ಕೆಗಳ ಹಿಂದೆ ಇರುವುದು ಒಂದೇ ಸಂಖ್ಯೆ

192.168.1.10 ಎಂದು ಬರೆಯುವುದು ಮನುಷ್ಯರ ಅನುಕೂಲಕ್ಕೆ. ಯಂತ್ರದ ಮಟ್ಟಿಗೆ ಅದು 32 ಬಿಟ್‌ಗಳ ಒಂದೇ ಸಂಖ್ಯೆ: 3232235786. ಈ ಮಾತು ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಕಳೆದಂತೆ.

ಅಕ್ಷರಗಳೆಂದು ನೋಡಿದರೆ ಏನಾಗುತ್ತದೆ? ಎಕ್ಸೆಲ್‌ನಲ್ಲಿ ವಿಳಾಸಗಳನ್ನು ಸಾರ್ಟ್ ಮಾಡಿ ನೋಡಿ. 10.0.0.10 ಮೇಲೆ ಬರುತ್ತದೆ, 10.0.0.9 ಕೆಳಗೆ ಹೋಗುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೂ ಕೆಟ್ಟದ್ದು. ‘10.10ರಿಂದ ಶುರುವಾಗುವ ವಿಳಾಸಗಳೆಲ್ಲ ನಮ್ಮ ಆಫೀಸಿನವು’ ಎಂದು ಸ್ಕ್ರಿಪ್ಟ್‌ನಲ್ಲಿ ಬರೆದರೆ 10.100.0.1 ಕೂಡ ಒಳಗೆ ಬಂದುಬಿಡುತ್ತದೆ. ಅದು ಬೇರೆಯದೇ ಜಾಲ. ಹಾಗೆಯೇ ‘172ರಿಂದ ಶುರುವಾದರೆ ಖಾಸಗಿ’ ಎಂಬ ನಂಬಿಕೆ ಬಹಳ ಕಡೆ ಇದೆ. ಖಾಸಗಿ ಬಳಕೆಗೆ ಬಿಟ್ಟಿರುವುದು 172.16.0.0ರಿಂದ 172.31.255.255ರವರೆಗೆ ಮಾತ್ರ. 172.32ರಿಂದಾಚೆಗಿನ ವಿಳಾಸ ಸಾರ್ವಜನಿಕ ಇಂಟರ್‌ನೆಟ್‌ಗೆ ಸೇರಿದ್ದು. ಅದನ್ನು ನಮ್ಮದೆಂದು ಒಳಗೆ ಬಿಡುವ ಫೈರ್‌ವಾಲ್ ರೂಲ್ ಬಾಗಿಲು ತೆರೆದಿಟ್ಟಂತೆಯೇ.

ಲೈಬ್ರರಿ ಬಂದ ದಾರಿ

ಇದರ ಮೂಲ ಗೂಗಲ್‌ನಲ್ಲಿ ಬಳಕೆಯಲ್ಲಿದ್ದ ‘ಐಪಿಅಡರ್’ ಎಂಬ ಪೈಥಾನ್ ಕೋಡ್. ಪೀಟರ್ ಮೂಡಿ ಅದನ್ನು ಪೈಥಾನ್‌ಗೆ ಸೇರಿಸಲು ಮುಂದಾದರು. 2009ರಲ್ಲಿ ಪೈಥಾನ್ 3.1ರ ತಯಾರಿ ನಡೆದಾಗ ಅದು ಒಮ್ಮೆ ಒಳಗೆ ಬಂದಿತ್ತು. ಒಂದು ವಿಳಾಸ ಮತ್ತು ಒಂದು ಜಾಲ, ಎರಡನ್ನೂ ಒಂದೇ ವಸ್ತುವಾಗಿ ಕಾಣುವ ಅದರ ವಿನ್ಯಾಸಕ್ಕೆ ಆಕ್ಷೇಪ ಬಂದು, ಬಿಡುಗಡೆಗೆ ಮುಂಚೆಯೇ ತೆಗೆದುಹಾಕಿದರು. ಆಮೇಲೆ ಚರ್ಚೆ ನಡೆದು, ವಿನ್ಯಾಸ ತಿದ್ದಿ, 3144ನೇ ಪೆಪ್ ಪ್ರಸ್ತಾವದ ಮೂಲಕ 2012ರ ಸೆಪ್ಟೆಂಬರ್‌ನಲ್ಲಿ ಬಂದ ಪೈಥಾನ್ 3.3ಕ್ಕೆ ಸೇರಿತು. ಅದಕ್ಕೆ ಒಂದು ವರ್ಷ ಮುಂಚೆ, 2011ರ ಸೆಪ್ಟೆಂಬರ್‌ನಲ್ಲಿ, ಅದುವರೆಗೆ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಪೈಕಾನ್ ಇಂಡಿಯಾ ಸಮ್ಮೇಳನ ಪುಣೆಗೆ ಬಂದಿತ್ತು. ಪೈಥಾನ್ ಈ ಊರಿನಲ್ಲಿ ಬೇರೂರಿ ಬಹಳ ಕಾಲವಾಗಿದೆ.

ಅಂದು ಬಂದ ಆಕ್ಷೇಪವೇ ಇಂದು ನಮಗೆ ಅನುಕೂಲವಾಗಿದೆ. ಯಾಕೆಂದರೆ ಈಗಿನ ಲೈಬ್ರರಿಯಲ್ಲಿ ಮೂರು ಬಾಗಿಲುಗಳು ಬೇರೆಬೇರೆಯಾಗಿವೆ.

ಯಾವುದಕ್ಕೆ ಯಾವ ಬಾಗಿಲು?

ಟೈಪ್ ಮಾಡುವಾಗ ಒಂದು ಮಾತು ನೆನಪಿಡಿ: ಲೈಬ್ರರಿಯ ಹೆಸರು ಒಂದೇ ಪದ. ಕೆಳಗೆ ಬರುವ ಫಂಕ್ಷನ್‌ಗಳ ಹೆಸರಿನಲ್ಲಿ ಎರಡು ಪದ ಇದ್ದರೆ ನಡುವೆ ಅಂಡರ್‌ಸ್ಕೋರ್ ಹಾಕಬೇಕು. ಎಲ್ಲವೂ ಸಣ್ಣಕ್ಷರದಲ್ಲೇ.

ಮೊದಲನೆಯದು ‘ಐಪಿ ಅಡ್ರೆಸ್’. ಒಂದೇ ಒಂದು ವಿಳಾಸಕ್ಕೆ ಇದು. ಸರಿಯಾದ ವಿಳಾಸ ಕೊಟ್ಟರೆ ಆಬ್ಜೆಕ್ಟ್ ಕೊಡುತ್ತದೆ, 300.1.1.1 ಎಂದು ಕೊಟ್ಟರೆ ‘ವ್ಯಾಲ್ಯೂ ಎರರ್’ ಎಂದು ನಿಲ್ಲುತ್ತದೆ. ವಿಳಾಸ ಸರಿ ಇದೆಯೇ ಎಂದು ಪರೀಕ್ಷಿಸಲು ಉದ್ದನೆಯ ರೆಜೆಕ್ಸ್ ಬರೆಯುವ ಅಗತ್ಯವೇ ಇಲ್ಲ. ಎಕ್ಸೆಲ್‌ನಿಂದ ನಕಲು ಮಾಡಿದ ವಿಳಾಸದ ಹಿಂದೆ ಮುಂದೆ ಖಾಲಿ ಜಾಗ ಉಳಿದಿದ್ದರೂ ಇದು ಒಪ್ಪುವುದಿಲ್ಲ. ಆದ್ದರಿಂದ ಮೊದಲು ‘ಸ್ಟ್ರಿಪ್’ ಮಾಡಿ, ಆಮೇಲೆ ಕೊಡಿ.

ಎರಡನೆಯದು ‘ಐಪಿ ನೆಟ್‌ವರ್ಕ್’. ಇಡೀ ಜಾಲಕ್ಕೆ ಇದು: 192.168.1.0/24 ಎನ್ನುವಂಥದ್ದು. ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. 192.168.1.10/24 ಎಂದು ಕೊಟ್ಟರೆ ‘ಹೋಸ್ಟ್ ಬಿಟ್ಸ್ ಸೆಟ್’ ಎಂಬ ತಕರಾರು ಬರುತ್ತದೆ. ಜಾಲದ ಹೆಸರು ಹೇಳಬೇಕಾದ ಕಡೆ ಅದರೊಳಗಿನ ಒಂದು ಯಂತ್ರದ ಹೆಸರು ಹೇಳಿದ್ದೀರಿ ಎಂದು ಅರ್ಥ. ಬೇಕೆಂದೇ ಹಾಗೆ ಕೊಟ್ಟಿದ್ದರೆ ‘ಸ್ಟ್ರಿಕ್ಟ್’ ಎಂಬುದನ್ನು ಫಾಲ್ಸ್ ಮಾಡಿ, 192.168.1.0/24 ಸಿಗುತ್ತದೆ. ಫೈರ್‌ವಾಲ್ ರೂಲ್‌ಗಳನ್ನು ಓದುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ. ರೂಲ್ ಬರೆದವರ ಕೈತಪ್ಪು ಅಲ್ಲೇ ಮುಚ್ಚಿಹೋಗುತ್ತದೆ.

ಮೂರನೆಯದು ‘ಐಪಿ ಇಂಟರ್‌ಫೇಸ್’. ಯಂತ್ರದ ವಿಳಾಸವೂ ಬೇಕು, ಅದು ಯಾವ ಜಾಲದಲ್ಲಿದೆ ಎಂಬುದೂ ಬೇಕು ಎಂದಾಗ ಇದು. 192.168.1.130/26 ಎಂದು ಕೊಟ್ಟು ನೋಡಿ. ಅದರ ಜಾಲ 192.168.1.128/26 ಎಂದೂ, ಬ್ರಾಡ್‌ಕಾಸ್ಟ್ ವಿಳಾಸ 192.168.1.191 ಎಂದೂ, ಒಟ್ಟು ವಿಳಾಸ 64 ಎಂದೂ ಅದೇ ಹೇಳುತ್ತದೆ. ಇಂಟರ್‌ವ್ಯೂನಲ್ಲಿ ಕಾಗದದ ಮೇಲೆ ಮಾಡಿಸುವ ಲೆಕ್ಕವಿದು. ಕೈಲೆಕ್ಕ ಕಲಿಯಬೇಕು, ನಿಜ. ಆದರೆ ಪ್ರೊಡಕ್ಷನ್ ಸರ್ವರ್‌ನ ಮುಂದೆ ಕುಳಿತಾಗ ಲೈಬ್ರರಿಯೇ ಮಾಡಲಿ.

ಒಂದು ವಿಳಾಸ ಒಂದು ಜಾಲದೊಳಗಿದೆಯೇ ಎಂದು ಕೇಳಲು ಪೈಥಾನ್‌ನ ‘ಇನ್’ ಸಾಕು. 10.100.0.1 ಎಂಬುದು 10.10.0.0/16ರಲ್ಲಿ ಇದೆಯೇ? ಉತ್ತರ: ಫಾಲ್ಸ್. ಸ್ಕ್ರಿಪ್ಟ್ ಮೋಸಹೋಗುವ ದಾರಿಯೇ ಅಲ್ಲಿಗೆ ಮುಚ್ಚಿತು.

ಸಬ್‌ನೆಟ್ ಹಂಚಿಕೆ

ಮೈಕ್ರೋಸಾಫ್ಟ್ ಅಜೂರ್‌ನ ‘ಸೆಂಟ್ರಲ್ ಇಂಡಿಯಾ’ ಎಂಬ ಪ್ರದೇಶ ಇರುವುದು ಪುಣೆಯಲ್ಲೇ. 2015ರಿಂದ ಇದೆ. ಪುಣೆಯ ಅನೇಕ ತಂಡಗಳು ತಮ್ಮ ಸರ್ವರ್‌ಗಳನ್ನು ಇಟ್ಟಿರುವುದು ಇಲ್ಲಿ. ಆದ್ದರಿಂದ ಉದಾಹರಣೆಯನ್ನೂ ಇಲ್ಲಿಂದಲೇ ತೆಗೆದುಕೊಳ್ಳೋಣ.

ನಿಮ್ಮ ತಂಡಕ್ಕೆ 10.40.0.0/22 ಕೊಟ್ಟಿದ್ದಾರೆ ಎಂದುಕೊಳ್ಳಿ. ಒಟ್ಟು 1,024 ವಿಳಾಸ. ಊರಿನಲ್ಲಿ ಒಂದು ಸರ್ವೆ ನಂಬರಿನ ಹೊಲವನ್ನು ಹಿಸ್ಸೆ ಮಾಡಿದ ಹಾಗೆ ಇದನ್ನು ಹಂಚಬೇಕು: ಹಿಸ್ಸೆಗಳು ಒಂದರ ಮೇಲೊಂದು ಬೀಳಬಾರದು, ನಡುವೆ ಜಾಗ ವ್ಯರ್ಥವಾಗಬಾರದು. ‘ಸಬ್‌ನೆಟ್ಸ್’ ಫಂಕ್ಷನ್‌ಗೆ ಹೊಸ ಪ್ರಿಫಿಕ್ಸ್ 24 ಎಂದು ಹೇಳಿದರೆ ನಾಲ್ಕು ಸಮಭಾಗ ಕೊಡುತ್ತದೆ: 10.40.0.0, 10.40.1.0, 10.40.2.0, 10.40.3.0, ಎಲ್ಲವೂ ಸ್ಲ್ಯಾಶ್ 24.

ಆದರೆ ಬೇಕಾಗುವುದು ಸಮಭಾಗವಲ್ಲ. ಅಪ್ಲಿಕೇಶನ್ ಸರ್ವರ್‌ಗಳಿಗೆ ಹೆಚ್ಚು, ಡೇಟಾಬೇಸ್‌ಗೆ ಕಡಿಮೆ. ಹಾಗಿದ್ದಾಗ ದೊಡ್ಡದನ್ನು ಮೊದಲು ಕತ್ತರಿಸಿಕೊಳ್ಳಿ. ಅಪ್ಲಿಕೇಶನ್‌ಗೆ 10.40.0.0/23, ಡೇಟಾಬೇಸ್‌ಗೆ 10.40.2.0/24, ಮಾನಿಟರಿಂಗ್‌ಗೆ 10.40.3.0/25, ಮುಂದಿನ ಅಗತ್ಯಕ್ಕೆಂದು 10.40.3.128/25. ಚಿಕ್ಕದನ್ನು ಮೊದಲು ನಡುವೆ ಇಟ್ಟರೆ ದೊಡ್ಡದಕ್ಕೆ ಒಟ್ಟಾದ ಜಾಗ ಉಳಿಯುವುದಿಲ್ಲ. ಒಂದು ಭಾಗ ಕೊಟ್ಟ ಮೇಲೆ ಉಳಿದದ್ದೇನು ಎಂದು ತಿಳಿಯಲು ‘ಅಡ್ರೆಸ್ ಎಕ್ಸ್‌ಕ್ಲೂಡ್’ ಇದೆ. ಮೂಲ ಸ್ಲ್ಯಾಶ್ 22ರಿಂದ ಡೇಟಾಬೇಸ್ ಭಾಗ ತೆಗೆದರೆ 10.40.0.0/23 ಮತ್ತು 10.40.3.0/24 ಉಳಿದಿವೆ ಎಂದು ಅದು ಹೇಳುತ್ತದೆ.

ಇಲ್ಲಿ ಲೈಬ್ರರಿಯ ಲೆಕ್ಕಕ್ಕೂ ಕ್ಲೌಡ್‌ನ ಲೆಕ್ಕಕ್ಕೂ ಒಂದು ವ್ಯತ್ಯಾಸವಿದೆ, ಗಮನವಿರಲಿ. ‘ಹೋಸ್ಟ್ಸ್’ ಎಂದು ಕೇಳಿದರೆ ಸ್ಲ್ಯಾಶ್ 24ರಲ್ಲಿ 254 ವಿಳಾಸ ಸಿಗುತ್ತವೆ. ಮೊದಲನೆಯದನ್ನೂ ಕೊನೆಯದನ್ನೂ ಅದು ಬಿಡುತ್ತದೆ. ಅಜೂರ್ ಪ್ರತಿ ಸಬ್‌ನೆಟ್‌ನಲ್ಲಿ ಐದು ವಿಳಾಸ ತನಗಿಟ್ಟುಕೊಳ್ಳುತ್ತದೆ: ಮೊದಲಿನ ನಾಲ್ಕು, ಕೊನೆಯ ಒಂದು. ಹಾಗಾಗಿ ನಿಮ್ಮ ಕೈಗೆ ಬರುವುದು 251. ಅಜೂರ್ ಒಪ್ಪುವ ಅತಿ ಚಿಕ್ಕ ಸಬ್‌ನೆಟ್ ಸ್ಲ್ಯಾಶ್ 29. ಅದರ ಎಂಟರಲ್ಲಿ ಮೂರೇ ನಿಮ್ಮದು. ಸ್ಕ್ರಿಪ್ಟ್ ಬರೆಯುವಾಗ ‘ಒಟ್ಟು ವಿಳಾಸ’ದಿಂದ ಐದು ಕಳೆಯುವ ಸಾಲನ್ನು ನೀವೇ ಸೇರಿಸಬೇಕು.

ಜಾಲಗಳು ಡಿಕ್ಕಿ ಹೊಡೆಯುವ ಮುನ್ನ

ಎರಡು ವರ್ಚುವಲ್ ನೆಟ್‌ವರ್ಕ್‌ಗಳನ್ನು ಪೀರಿಂಗ್ ಮಾಡಬೇಕೆಂದರೆ ಅವುಗಳ ವಿಳಾಸಗಳು ಒಂದರ ಮೇಲೊಂದು ಬೀಳಬಾರದು. ಗ್ರಾಹಕ ಕಂಪನಿಯೊಂದಿಗೆ ವಿಪಿಎನ್ ಹಾಕುವಾಗಲೂ ಇದೇ ತಲೆನೋವು. ಇಬ್ಬರೂ 10.0.0.0/16 ಬಳಸುತ್ತಿರುವುದು ಕೊನೆಯ ದಿನ ಗೊತ್ತಾಗುತ್ತದೆ. ಪಟ್ಟಿಯಲ್ಲಿರುವ ಜಾಲಗಳನ್ನು ಎರಡೆರಡಾಗಿ ಹಿಡಿದು ‘ಓವರ್‌ಲ್ಯಾಪ್ಸ್’ ಎಂದು ಕೇಳುವ ಪುಟ್ಟ ಸ್ಕ್ರಿಪ್ಟ್ ಇದನ್ನು ಮೊದಲ ದಿನವೇ ಹೇಳುತ್ತದೆ. ಪಟ್ಟಿಗೆ ಡಾಕರ್‌ನ 172.17.0.0/16 ಸೇರಿಸಲು ಮರೆಯಬೇಡಿ. ಡಾಕರ್ ತಾನಾಗಿಯೇ ಆರಿಸಿಕೊಳ್ಳುವ ಬ್ರಿಡ್ಜ್ ಜಾಲ ಅದು. ನಿಮ್ಮ ಆಫೀಸಿನ ಯಾವುದೋ ಸರ್ವರ್ ಅದೇ ಶ್ರೇಣಿಯಲ್ಲಿದ್ದರೆ, ಡಾಕರ್ ಇರುವ ಯಂತ್ರದಿಂದ ಅದು ಸಿಗದೆ ಗಂಟೆಗಟ್ಟಲೆ ಹುಡುಕಾಟವಾಗುತ್ತದೆ.

ಒಂದು ಜಾಲ ಪೂರ್ತಿಯಾಗಿ ಇನ್ನೊಂದರ ಒಳಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ‘ಸಬ್‌ನೆಟ್ ಆಫ್’ ಇದೆ, ಪೈಥಾನ್ 3.7ರಿಂದ ಬಂದದ್ದು.

ಲಾಗ್ ಸೋಸುವಾಗ

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆ ಬೇಗ ಕಳೆಯುತ್ತದೆ. ಲಾಗ್‌ನಲ್ಲಿ ಸಾವಿರಾರು ವಿಳಾಸಗಳಿದ್ದರೆ ಒಂದೊಂದನ್ನೇ ನೋಡಲು ಆಗುವುದಿಲ್ಲ.

ಆಗ ಹೀಗೆ ಮಾಡಿ. ಪ್ರತಿ ವಿಳಾಸದ ಹಿಂದೆ ಸ್ಲ್ಯಾಶ್ 24 ಸೇರಿಸಿ, ‘ಸ್ಟ್ರಿಕ್ಟ್’ ಫಾಲ್ಸ್ ಮಾಡಿ ‘ಐಪಿ ನೆಟ್‌ವರ್ಕ್’ಗೆ ಕೊಡಿ. 198.51.100.37 ಇದ್ದರೆ 198.51.100.0/24 ಸಿಗುತ್ತದೆ. ಅವನ್ನೆಲ್ಲ ಪೈಥಾನ್‌ನ ‘ಕೌಂಟರ್’ಗೆ ಹಾಕಿ. ಯಾವ ಜಾಲದಿಂದ ಎಷ್ಟು ಪ್ರಯತ್ನ ಬಂದಿದೆ ಎಂಬುದು ಇಳಿಕೆ ಕ್ರಮದಲ್ಲಿ ಕಣ್ಣೆದುರು ಬರುತ್ತದೆ. ಹತ್ತು ಸಾಲಿನೊಳಗೆ ಮುಗಿಯುವ ಕೆಲಸ.

ತಡೆಯಬೇಕಾದ ಜಾಲಗಳ ಪಟ್ಟಿ ಉದ್ದವಾದರೆ ‘ಕೊಲ್ಯಾಪ್ಸ್ ಅಡ್ರೆಸಸ್’ ಬಳಸಿ. 198.51.100.0/25 ಮತ್ತು 198.51.100.128/25 ಎಂಬ ಎರಡು ಸಾಲುಗಳನ್ನು ಅದು 198.51.100.0/24 ಎಂಬ ಒಂದೇ ಸಾಲಾಗಿ ಮಾಡುತ್ತದೆ. ಫೈರ್‌ವಾಲ್‌ನ ಪಟ್ಟಿ ಚಿಕ್ಕದಾದಷ್ಟೂ ಅದನ್ನು ಓದಿ ಪರಿಶೀಲಿಸುವುದು ಸುಲಭ. ನಾನು ಇಲ್ಲಿ ಕೊಟ್ಟಿರುವ 198.51.100ರ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು. ನೀವು ಡಾಕ್ಯುಮೆಂಟ್ ಬರೆಯುವಾಗಲೂ ಇವನ್ನೋ 192.0.2.0/24, 203.0.113.0/24 ಇವನ್ನೋ ಬಳಸಿ. ಬೇರೆಯವರ ನಿಜವಾದ ವಿಳಾಸ ಹಾಕಬೇಡಿ.

ಖಾಸಗಿ, ಸಾರ್ವಜನಿಕ, ಇವೆರಡೂ ಅಲ್ಲದ್ದು

‘ಈಸ್ ಪ್ರೈವೇಟ್’ ಎಂದು ಕೇಳಿದರೆ ವಿಳಾಸ ಖಾಸಗಿಯೇ ಎಂದು ಲೈಬ್ರರಿ ಹೇಳುತ್ತದೆ. ‘ಈಸ್ ಗ್ಲೋಬಲ್’ ಅದರ ವಿರುದ್ಧ. ಎರಡಕ್ಕೂ ‘ಇಲ್ಲ’ ಎಂದು ಉತ್ತರ ಬರುವ ಶ್ರೇಣಿಯೂ ಒಂದಿದೆ: 100.64.0.0/10. ಅಂದರೆ 100.64ರಿಂದ 100.127ರವರೆಗೆ. ಐಪಿವಿ4 ವಿಳಾಸಗಳು ಮುಗಿಯುತ್ತಾ ಬಂದಾಗ, ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಇಡಲು ಇಂಟರ್‌ನೆಟ್ ಕಂಪನಿಗಳಿಗೆಂದು 2012ರಲ್ಲಿ ಮೀಸಲಿಟ್ಟದ್ದು ಇದು.

ಕೋಥ್ರೂಡ್‌ನ ಬಾಡಿಗೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು, ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡ್ ಮಾಡಿದರೂ ಆಗುತ್ತಿಲ್ಲವೇ? ರೌಟರ್‌ನ ವ್ಯಾನ್ ವಿಳಾಸ ನೋಡಿ. ಈ ಶ್ರೇಣಿಯಲ್ಲಿದ್ದರೆ ತೊಂದರೆ ನಿಮ್ಮ ಸೆಟ್ಟಿಂಗ್‌ನಲ್ಲಿಲ್ಲ. ಪೋರ್ಟ್ ತೆರೆಯಬೇಕಾದದ್ದು ನಿಮ್ಮ ಕೈಯಲ್ಲಿಲ್ಲದ ಇನ್ನೊಂದು ಪೆಟ್ಟಿಗೆಯಲ್ಲಿ. ಆಫೀಸಿನ ಸ್ಕ್ರಿಪ್ಟ್‌ನಲ್ಲಿಯೂ ‘ಖಾಸಗಿ ಅಲ್ಲವೆಂದರೆ ಸಾರ್ವಜನಿಕ’ ಎಂದು ಬರೆಯಬೇಡಿ. ಮೂರನೆಯ ದಾರಿಯನ್ನೂ ಬರೆಯಿರಿ.

ಐಪಿವಿ6 ಬಂದಾಗಿದೆ

ಐಪಿವಿ4ರ ಜಾಗತಿಕ ಉಗ್ರಾಣ 2011ರ ಫೆಬ್ರವರಿ 3ರಂದು ಖಾಲಿಯಾಯಿತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಅದೇ ವರ್ಷ ಏಪ್ರಿಲ್ 15ಕ್ಕೆ ತನ್ನ ಕೊನೆಯ ದೊಡ್ಡ ಪಾಲಿಗೆ ಬಂತು. 2016ರಲ್ಲಿ ಜಿಯೊ ಸೇವೆ ಶುರುವಾದ ಮೇಲೆ ಭಾರತದಲ್ಲಿ ಐಪಿವಿ6 ಬಳಕೆ ವೇಗವಾಗಿ ಏರಿತು. ಇಂದು ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೂಗಲ್ ತಲಪುವುದು ಐಪಿವಿ6ರಲ್ಲೇ. ಹಾಗಾಗಿ ಐಪಿವಿ4 ಮಾತ್ರ ಓದಬಲ್ಲ ಸ್ಕ್ರಿಪ್ಟ್ ಅರ್ಧ ಕುರುಡು.

ಅಕ್ಷರಗಳ ಹೋಲಿಕೆ ಇಲ್ಲಿ ಪೂರ್ತಿ ಸೋಲುತ್ತದೆ. 2400:0:0:0:0:0:0:5 ಮತ್ತು 2400::5 ಒಂದೇ ವಿಳಾಸ. ಅಕ್ಷರವಾಗಿ ಹೋಲಿಸಿದರೆ ಬೇರೆ, ‘ಐಪಿ ಅಡ್ರೆಸ್’ಗೆ ಕೊಟ್ಟು ಹೋಲಿಸಿದರೆ ಒಂದೇ. ಇದೇ ಫಂಕ್ಷನ್ ಎರಡೂ ಪೀಳಿಗೆಯನ್ನು ಗುರುತಿಸುತ್ತದೆ, ಆದ್ದರಿಂದ ನೀವು ಬೇರೆ ಕೋಡ್ ಬರೆಯಬೇಕಿಲ್ಲ.

ಮೂರು ಎಚ್ಚರ ಬೇಕು. ಒಂದು: ಐಪಿವಿ6ರ ಸ್ಲ್ಯಾಶ್ 64 ಜಾಲವನ್ನು ಎಂದೂ ಲಿಸ್ಟ್ ಮಾಡಬೇಡಿ. ಅದರಲ್ಲಿ 18,446,744,073,709,551,616 ವಿಳಾಸಗಳಿವೆ. ಯಂತ್ರದ ಮೆಮೊರಿ ಸಾಲುವುದಿಲ್ಲ. ಎರಡು: ಎರಡೂ ಪೀಳಿಗೆಯ ವಿಳಾಸಗಳನ್ನು ಒಟ್ಟಿಗೆ ಸಾರ್ಟ್ ಮಾಡಲು ಹೋದರೆ ಎರರ್ ಬರುತ್ತದೆ. ಮೊದಲು ‘ವರ್ಶನ್’, ಆಮೇಲೆ ಸಂಖ್ಯೆ ಎಂದು ಕೀ ಕೊಡಿ. ಮೂರು: ಡೇಟಾಬೇಸ್‌ನಲ್ಲಿ ಬರೀ ಸಂಖ್ಯೆಯನ್ನು ಇಟ್ಟರೆ ವರ್ಶನ್ ಕಳೆದುಹೋಗುತ್ತದೆ. ಐಪಿವಿ6ರ ::1 ಎಂಬುದು ಸಂಖ್ಯೆಯಾಗಿ 1. ಅದನ್ನು ಮರಳಿ ಕೊಟ್ಟರೆ ಲೈಬ್ರರಿ 0.0.0.1 ಎಂಬ ಐಪಿವಿ4 ವಿಳಾಸ ಕೊಡುತ್ತದೆ. ಪೋಸ್ಟ್‌ಗ್ರೆಸ್ ಬಳಸುತ್ತಿದ್ದರೆ ಅದರಲ್ಲೇ ಇರುವ ‘ಐನೆಟ್’, ‘ಸೈಡರ್’ ಎಂಬ ಟೈಪ್‌ಗಳಲ್ಲಿ ಇಡಿ.

ಕೆಲವು ಸರ್ವರ್‌ಗಳು ಐಪಿವಿ4 ವಿಳಾಸವನ್ನೇ ಐಪಿವಿ6ರ ಹೊದಿಕೆಯೊಳಗೆ ಇಟ್ಟು ಲಾಗ್ ಬರೆಯುತ್ತವೆ. ನಿಮ್ಮ ತಡೆಪಟ್ಟಿ ಅದನ್ನು ಗುರುತಿಸದೆ ಬಿಟ್ಟುಬಿಡಬಹುದು. ‘ಐಪಿವಿ4 ಮ್ಯಾಪ್ಡ್’ ಎಂಬುದನ್ನು ಕೇಳಿ, ಒಳಗೆ ವಿಳಾಸವಿದ್ದರೆ ಅದನ್ನು ಹೊರತೆಗೆದು ಹೋಲಿಸಿ.

ಹಳೆಯ ಪೈಥಾನ್ ಇದ್ದರೆ

ಲೈಬ್ರರಿಯಲ್ಲೂ ತಪ್ಪುಗಳಿದ್ದವು. ಪೈಥಾನ್ 3.8ರಿಂದ 3.9.4ರವರೆಗೆ ಮುಂದೆ ಸೊನ್ನೆ ಇರುವ ವಿಳಾಸವನ್ನು ಅದು ಒಪ್ಪುತ್ತಿತ್ತು. 010.8.8.8 ಎಂಬುದನ್ನು ಪೈಥಾನ್ 10.8.8.8 ಎಂದು ಓದಿ ಖಾಸಗಿ ಎನ್ನುತ್ತಿತ್ತು. ಆಕ್ಟಲ್ ಪದ್ಧತಿಯಲ್ಲಿ ಓದುವ ಬೇರೆ ಸಾಫ್ಟ್‌ವೇರ್‌ಗೆ ಅದು 8.8.8.8 ಎಂಬ ಸಾರ್ವಜನಿಕ ವಿಳಾಸ. ಈ ಬಿರುಕಿನೊಳಗೆ ದಾಳಿಕೋರರು ನುಸುಳಬಹುದು. 2021ರ ಮೇ ತಿಂಗಳ 3.9.5ರಲ್ಲಿ ಇದನ್ನು ಮುಚ್ಚಿದರು; ಈಗ ಅಂಥ ವಿಳಾಸ ಬಂದರೆ ಎರರ್. ‘ಈಸ್ ಪ್ರೈವೇಟ್’ನ ಹಿಂದಿನ ಪಟ್ಟಿ ಹಳೆಯದಾಗಿ ಕೆಲವು ಶ್ರೇಣಿಗಳಿಗೆ ತಪ್ಪು ಉತ್ತರ ಬರುತ್ತಿದ್ದುದನ್ನು 2024ರಲ್ಲಿ ಸರಿಪಡಿಸಿದರು, 3.12.4ರಲ್ಲಿ ಆ ತಿದ್ದುಪಡಿ ಇದೆ. ಸರ್ವರ್‌ನಲ್ಲಿ ಯಾವ ಪೈಥಾನ್ ಇದೆ ಎಂದು ಮೊದಲು ನೋಡುವ ಅಭ್ಯಾಸ ಇದಕ್ಕಾಗಿಯೇ ಬೇಕು.

ಇದರಿಂದ ಆಗದ್ದು

ವೆಬ್‌ಸೈಟಿನ ಹೆಸರು ಕೊಟ್ಟು ವಿಳಾಸ ಕೇಳಿದರೆ ಈ ಲೈಬ್ರರಿ ಹೇಳುವುದಿಲ್ಲ. ಅದು ಡಿಎನ್ಎಸ್‌ನ ಕೆಲಸ. ಯಂತ್ರ ಬದುಕಿದೆಯೇ ಎಂದೂ ನೋಡುವುದಿಲ್ಲ. ವಿಳಾಸ ಯಾವ ಊರಿನದು ಎಂಬುದೂ ಇದಕ್ಕೆ ಗೊತ್ತಿಲ್ಲ. ಆ ಮಾಹಿತಿ ಕೊಡುವ ಬೇರೆ ಸೇವೆಗಳು ಪುಣೆಯಲ್ಲಿ ಕುಳಿತವರನ್ನು ಮುಂಬೈಯವರೆಂದು ತೋರಿಸುವುದು ಸಾಮಾನ್ಯ, ಆದ್ದರಿಂದ ಊರಿನ ಆಧಾರದ ಮೇಲೆ ಯಾರನ್ನೂ ತಡೆಯಬೇಡಿ.

ಜಾಲಗಳ ದೊಡ್ಡ ಗುಂಪುಗಳನ್ನು ಕೂಡಿಸಿ ಕಳೆಯಬೇಕಿದ್ದರೆ ‘ನೆಟ್‌ಅಡರ್’ ಎಂಬ ಲೈಬ್ರರಿಯ ‘ಐಪಿಸೆಟ್’ ಅನುಕೂಲ. ಲಕ್ಷಾಂತರ ಲಾಗ್ ಸಾಲುಗಳನ್ನು ಸಾವಿರಾರು ಜಾಲಗಳೊಂದಿಗೆ ಹೋಲಿಸುವಾಗ ‘ಪೈಟ್ರಿಷಿಯಾ’ ವೇಗ ಕೊಡುತ್ತದೆ. ಗೋ ಭಾಷೆಯಲ್ಲಿ ಕೆಲಸ ಮಾಡುವವರಿಗೆ 1.18ರಿಂದ ‘ನೆಟ್‌ಐಪಿ’ ಪ್ಯಾಕೇಜ್ ಇದೆ.

ಎಲ್ಲಿಂದ ಶುರು ಮಾಡಬೇಕು?

ಹೊಸದನ್ನು ಬರೆಯುವ ಮುಂಚೆ ತಂಡದ ಹಳೆಯ ಸ್ಕ್ರಿಪ್ಟ್‌ಗಳನ್ನು ತೆರೆಯಿರಿ. ವಿಳಾಸವನ್ನು ಚುಕ್ಕೆಯಲ್ಲಿ ಕತ್ತರಿಸಿದ ಕಡೆ, ‘ಸ್ಟಾರ್ಟ್ಸ್‌ವಿತ್’ ಬಳಸಿದ ಕಡೆ, ವಿಳಾಸಕ್ಕೆಂದು ರೆಜೆಕ್ಸ್ ಬರೆದ ಕಡೆ ಗುರುತು ಹಾಕಿ. ಆಮೇಲೆ ಈ ಆರನ್ನು ಟೆಸ್ಟ್ ಆಗಿ ಸೇರಿಸಿ:

1. 010.8.8.8 – ತಿರಸ್ಕರಿಸಬೇಕು.
2. 10.100.0.1 – 10.10.0.0/16ರ ಹೊರಗಿದೆ ಎನ್ನಬೇಕು.
3. 172.31.255.255 ಖಾಸಗಿ, 172.32.0.0 ಸಾರ್ವಜನಿಕ ಎನ್ನಬೇಕು.
4. 100.64.0.1 – ಖಾಸಗಿಯೂ ಅಲ್ಲ, ಸಾರ್ವಜನಿಕವೂ ಅಲ್ಲ ಎನ್ನಬೇಕು.
5. 192.168.1.10/24 – ಜಾಲವೆಂದು ಕೊಟ್ಟರೆ ನಿಲ್ಲಿಸಬೇಕು.
6. 2400:0:0:0:0:0:0:5 ಮತ್ತು 2400::5 – ಒಂದೇ ಎನ್ನಬೇಕು.

ಒಂದೊಂದರ ಕಾರಣವನ್ನೂ ಪಕ್ಕದಲ್ಲಿ ಕುಳಿತ ಜೂನಿಯರ್‌ಗೆ ವಿವರಿಸಿ. ಊರಿನ ಕಡೆಯವರಾದರೆ ಕನ್ನಡದಲ್ಲೇ ಹೇಳಿ. ಒಂದು ತಪ್ಪು ರೂಲ್‌ನಿಂದ ಅಪರಿಚಿತರು ಒಳಗೆ ಬರಬಹುದು, ಕೆಲಸ ಮಾಡಬೇಕಾದವರು ಹೊರಗೆ ಉಳಿಯಬಹುದು. ಆ ಆರು ಸಾಲುಗಳು ಪಾಸಾಗುವ ತನಕ ಆ ಸ್ಕ್ರಿಪ್ಟನ್ನು ಪ್ರೊಡಕ್ಷನ್‌ಗೆ ಬಿಡಬೇಡಿ.